ಕಾರಿನ ಸಬ್‌ವೂಫರ್‌ಗೆ ಮನೆಯಲ್ಲಿ ಬಾಕ್ಸ್: ಬೇಸ್ ಸರಿಯಿಲ್ಲದಿದ್ದರೆ ದೋಷ ಹಿಡಿಯುವುದು ಹೇಗೆ

ಕಾರು ಮಾರುವ ಮುಂಚೆ ಬಿಚ್ಚಿಟ್ಟುಕೊಂಡದ್ದೋ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಸಿಕ್ಕಿದ್ದೋ, 12 ಇಂಚಿನ ಸಬ್‌ವೂಫರ್ ಒಂದಕ್ಕೆ ಪ್ಲೈವುಡ್ ಬಾಕ್ಸ್ ಮಾಡಿಸಿ ಹಾಲ್‌ನ ಮೂಲೆಗೆ ಇಟ್ಟಾಗಿದೆ. ಆದರೆ ಡಿಕ್ಕಿಯಲ್ಲಿದ್ದಾಗ ಎದೆಗೆ ಗುದ್ದುತ್ತಿದ್ದ ಬೇಸ್ ಇಲ್ಲಿ ಕಾಣೆ. ಇಲ್ಲವೇ ಬೇಸ್ ಇದೆ, ಅದರ ಹಿಂದೆಯೇ ಗುಂಯ್ ಎನ್ನುವ ಹಮ್ ಬಿಡದೆ ಕೂತಿದೆ. ಇಲ್ಲವೇ ವಾಲ್ಯೂಮ್ ಅರ್ಧ ದಾಟಿದ ಕೂಡಲೇ ಆಂಪ್ (ಆಂಪ್ಲಿಫೈಯರ್) ಕೆಂಪು ದೀಪ ಹಾಕಿಕೊಂಡು ಸುಮ್ಮನಾಗುತ್ತದೆ. ಎಲ್ಲರ ಕೈಯೂ ಮೊದಲು ಹೋಗುವುದು ಸ್ಪೀಕರಿನ ಸ್ಕ್ರೂಗಳಿಗೆ. ಅವು ಕೊನೆಯಲ್ಲಿ ಬಿಚ್ಚಬೇಕಾದವು. ಒಂದು ಸಲ ಬಿಚ್ಚಿದರೆ ಗ್ಯಾಸ್ಕೆಟ್ ಹಾಳು, ಪ್ಲೈವುಡ್‌ನಲ್ಲಿ ಸ್ಕ್ರೂ ಹಿಡಿತ ಸಡಿಲ, ಇಲ್ಲದಿದ್ದ ಹೊಸ ದೋಷವೊಂದು ಸೇರಿಕೊಂಡಂತೆ.

ಬಾಕ್ಸ್ ತೆರೆಯದೆ ಮುಗಿಯುವ ಪರೀಕ್ಷೆಗಳೇ ಹೆಚ್ಚು. ಬೇಕಾದ್ದು ಇಷ್ಟು: ಒಂದು ಡಿಜಿಟಲ್ ಮಲ್ಟಿಮೀಟರ್, 1.5 ವೋಲ್ಟಿನ ಒಂದು ಸಣ್ಣ ಸೆಲ್, ಫೋನಿನಲ್ಲಿ ಟೋನ್ ಜನರೇಟರ್ ಆ್ಯಪ್, ನಾಲ್ಕು ಊದುಬತ್ತಿ. ಊದುಬತ್ತಿ ತಮಾಷೆಗೆ ಹೇಳಿದ್ದಲ್ಲ, ಕೆಳಗೆ ಅದರ ಕೆಲಸ ಬರುತ್ತದೆ.

ಇದು ದೋಷವೇ ಅಲ್ಲ ಎಂಬ ಒಂದು ಸಂದರ್ಭ

ಕಾರಿನ ಒಳಭಾಗ ಎರಡು ಮೂರು ಮೀಟರಿನ ಬಿಗಿಯಾದ ಡಬ್ಬಿ. ಸುಮಾರು 60–70 ಹರ್ಟ್ಸ್‌ಗಿಂತ ಕೆಳಗೆ ಅಲ್ಲಿ ಅಲೆ ಹರಡುವುದಿಲ್ಲ, ಡಬ್ಬಿಯೊಳಗಿನ ಗಾಳಿಯ ಒತ್ತಡವೇ ಏರಿಳಿಯುತ್ತದೆ. ಅದರಿಂದ ಆವರ್ತನ ಅರ್ಧಕ್ಕೆ ಇಳಿದಂತೆ ಹತ್ತಿರ ಹತ್ತಿರ 12 ಡೆಸಿಬಲ್ ಬೇಸ್ ಪುಕ್ಕಟೆ ಸಿಗುತ್ತದೆ. ಕಾರಿನ ಸಬ್‌ವೂಫರ್ ತಯಾರಕರು ಸಣ್ಣ ಬಾಕ್ಸ್ ಸಾಕು ಎಂದು ಧೈರ್ಯವಾಗಿ ಬರೆಯುವುದು ಈ ಪುಕ್ಕಟೆಯ ಲೆಕ್ಕ ಹಿಡಿದೇ. ಮನೆಯ ಹಾಲ್‌ನಲ್ಲಿ ಬಾಗಿಲು, ಕಿಟಕಿ, ಅಡುಗೆಮನೆಗೆ ತೆರೆದ ಕಮಾನು, ಎಲ್ಲ ಕಡೆಯಿಂದಲೂ ಅದು ಸೋರಿಹೋಗುತ್ತದೆ. ಹಾಗಾಗಿ ಡಿಕ್ಕಿಯಲ್ಲಿದ್ದ ಬಾಕ್ಸನ್ನೇ ಹಾಗೆಯೇ ತಂದಿಟ್ಟರೆ 30 ಹರ್ಟ್ಸ್ ಸುತ್ತಮುತ್ತ ಬರಡಾಗಿ, 60ರ ಆಸುಪಾಸಿನಲ್ಲಿ ಡಂ ಡಂ ಎಂದು ಕೇಳುವುದು ಸಹಜ. 'ಬೇಸ್ ಇದೆ, ಆಳ ಇಲ್ಲ' ಎಂಬ ದೂರಿಗೆ ಮದ್ದು ಬಾಕ್ಸಿನ ಗಾತ್ರದಲ್ಲಿದೆ, ಅದು ಮುಂದೆ. ಬೇಸೇ ಇಲ್ಲ, ಅಥವಾ ಬೇಡದ ಸದ್ದಿದೆ ಎಂದರೆ ಕೆಳಗಿನ ಕ್ರಮ ಹಿಡಿಯಿರಿ.

ಸ್ಪೀಕರ್ ಬದುಕಿದೆಯೇ?

ಆಂಪ್ ಆಫ್ ಮಾಡಿ, ಬಾಕ್ಸಿನ ಹಿಂದಿನ ಟರ್ಮಿನಲ್‌ನಿಂದ ಎರಡೂ ವೈರ್ ಕಳಚಿ. ಮಲ್ಟಿಮೀಟರನ್ನು 200 ಓಮ್ ರೇಂಜಿಗೆ ಇಟ್ಟು ಮೊದಲು ಎರಡು ಪ್ರೋಬ್ ಮುಟ್ಟಿಸಿ ನೋಡಿ. ಅಲ್ಲೇ 0.3–0.5 ಓಮ್ ತೋರಿಸುತ್ತದೆ, ಅದನ್ನು ಕಳೆಯಬೇಕು. 4 ಓಮ್ ಕಾಯಿಲ್ (ಸ್ಪೀಕರಿನ ಕೋನನ್ನು ಆಡಿಸುವ ತಂತಿಯ ಸುರುಳಿ) ಮೀಟರಿನಲ್ಲಿ 3.2ರಿಂದ 3.8 ಓಮ್ ಬಂದರೆ ಸರಿ. ಏನೂ ಬರದಿದ್ದರೆ ಕಾಯಿಲ್ ತುಂಡಾಗಿದೆ, ಅಥವಾ ಕೋನ್‌ಗೆ ಹೋಗುವ ಹೆಣೆದ ತಂತಿ ಕಿತ್ತಿದೆ. ಎರಡನೆಯದಾದರೆ ಬೆಸುಗೆಯಲ್ಲಿ ಮುಗಿಯುತ್ತದೆ. ಓದಿಕೆ 1 ಓಮ್ ಸುತ್ತ ಬಿದ್ದರೆ ಸುತ್ತುಗಳು ಸುಟ್ಟು ಒಂದಕ್ಕೊಂದು ಕೂಡಿಕೊಂಡಿವೆ. ಆಗ ಅದನ್ನು ಆಂಪ್‌ಗೆ ತಗುಲಿಸಲೇಬೇಡಿ, ಆಂಪ್ ಕೂಡ ಜೊತೆಗೆ ಹೋಗುತ್ತದೆ.

ಓಮ್ ಸರಿಯಿದ್ದರೆ ಕೈ ಪರೀಕ್ಷೆ. ಡಸ್ಟ್ ಕ್ಯಾಪ್ ಸುತ್ತ ನಾಲ್ಕು ಕಡೆ ಬೆರಳಿಟ್ಟು, ಒಂದೇ ಸಮನಾಗಿ ಕೋನನ್ನು ಅರ್ಧ ಇಂಚಿನಷ್ಟು ಮೆಲ್ಲಗೆ ಒತ್ತಿ ಬಿಡಿ. ಮರಳು ಉಜ್ಜಿದಂತೆ ಕರಕರ ಎಂದರೆ ಕಾಯಿಲ್ ಅಯಸ್ಕಾಂತದ ಸಂದಿಯಲ್ಲಿ ತಾಗುತ್ತಿದೆ. ಆದರೆ ತೀರ್ಪು ಕೊಡುವ ಮುಂಚೆ ಸ್ಪೀಕರಿನ ಸ್ಕ್ರೂಗಳನ್ನು ಎಲ್ಲವನ್ನೂ ಕಾಲು ಸುತ್ತು ಸಡಿಲಿಸಿ ಮತ್ತೆ ಒತ್ತಿ ನೋಡಿ. ಕರಕರ ನಿಂತರೆ ಸ್ಪೀಕರ್ ಚೆನ್ನಾಗಿದೆ, ಮುಂದಿನ ಹಲಗೆ ಸಮತಟ್ಟಾಗಿಲ್ಲ. ಒಂದು ಕಡೆಯಿಂದ ಬಿಗಿಯುತ್ತಾ ಬಂದರೆ ತಗಡಿನ ಫ್ರೇಮ್ ಕೂದಲೆಳೆಯಷ್ಟು ತಿರುಚಿಕೊಳ್ಳುತ್ತದೆ, ಸಂದಿಗೆ ಅಷ್ಟೇ ಸಾಕು. ಕಾರಿನ ಚಕ್ರದ ನಟ್ ಬಿಗಿಯುವ ಹಾಗೆ ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಬೇಕು.

ಹಳೆಯ ಸ್ಪೀಕರಾದರೆ ಕೋನ್ ಸುತ್ತಲಿನ ಫೋಮ್ ಅಂಚನ್ನು ಟಾರ್ಚ್ ಹಾಕಿ ನೋಡಿ. ಬೆರಳು ತಾಗಿಸಿದರೆ ಅಂಟಂಟಾಗಿ ಪುಡಿಯುದುರುವ ಫೋಮ್‌ಗೆ ಆಯಸ್ಸು ಮುಗಿದಿದೆ. ರಬ್ಬರ್ ಅಂಚಿಗೆ ಈ ಕಾಟ ಕಡಿಮೆ. ಫೋಮ್ ಬದಲಿಸಿ ಅಂಟಿಸಿಕೊಡುವ, ಕೋನ್ ಕಟ್ಟುವ ರಿಪೇರಿಯವರು ಊರಿನಲ್ಲಿ ಈಗಲೂ ಇದ್ದಾರೆ. ಅಯಸ್ಕಾಂತ, ಫ್ರೇಮ್ ಒಳ್ಳೆಯದಿದ್ದರೆ ಅದು ದಂಡವಲ್ಲ.

ಎರಡು ಕಾಯಿಲ್, ಒಂದು ಮೋಸ

ಕಾರಿನ ಸಬ್‌ವೂಫರ್‌ಗಳಲ್ಲಿ ಬಹಳಷ್ಟಕ್ಕೆ ಎರಡು ಕಾಯಿಲ್, ನಾಲ್ಕು ಟರ್ಮಿನಲ್. ಎರಡೂ 4 ಓಮ್ ಆಗಿದ್ದರೆ ಸೀರೀಸ್‌ನಲ್ಲಿ 8, ಪ್ಯಾರಲಲ್‌ನಲ್ಲಿ 2 ಓಮ್. ಒಂದನ್ನೇ ಜೋಡಿಸಿ ಇನ್ನೊಂದನ್ನು ಖಾಲಿ ಬಿಟ್ಟರೂ ಸದ್ದು ಬರುತ್ತದೆ, ಆದರೆ ಶಕ್ತಿ ತಾಳುವ ತಾಕತ್ತು ಅರ್ಧ. ಖಾಲಿ ಬಿಟ್ಟದ್ದರ ಎರಡು ತುದಿ ಆಕಸ್ಮಿಕವಾಗಿ ಒಂದಕ್ಕೊಂದು ತಾಗಿದರೆ ಅದು ಬ್ರೇಕಿನಂತೆ ಕೋನನ್ನು ಹಿಡಿಯುತ್ತದೆ, ಬೇಸ್ ಒಣಗುತ್ತದೆ.

ದೊಡ್ಡ ಮೋಸ ಬೇರೆಯೇ ಇದೆ. ಒಂದು ಕಾಯಿಲ್ ಪ್ಲಸ್-ಮೈನಸ್ ಅದಲುಬದಲಾಗಿ ಸೇರಿದರೆ ಒಂದು ಕೋನನ್ನು ಹೊರಗೆ ತಳ್ಳುತ್ತದೆ, ಇನ್ನೊಂದು ಒಳಗೆ ಎಳೆಯುತ್ತದೆ. ಕೋನ್ ಅಲ್ಲಾಡುವುದೇ ಇಲ್ಲ, ಆದರೆ ಕರೆಂಟ್ ಪೂರ್ತಿ ಹರಿದು ಕಾಯಿಲ್ ಕಾಯುತ್ತದೆ, ಸುಟ್ಟ ವಾರ್ನಿಶ್ ವಾಸನೆ ಬರುತ್ತದೆ. ಮಲ್ಟಿಮೀಟರ್ ಇದನ್ನು ಹಿಡಿಯುವುದಿಲ್ಲ: ಸರಿ ಸೀರೀಸ್ ಆದರೂ ತಪ್ಪು ಸೀರೀಸ್ ಆದರೂ ಅದು ತೋರಿಸುವುದು ಒಂದೇ 7 ಓಮ್ ಚಿಲ್ಲರೆ.

ಇಲ್ಲಿ ಸೆಲ್ ಬೇಕು. ಜಂಪರ್ ವೈರ್ ಎಲ್ಲ ಬಿಚ್ಚಿ, ಒಂದೊಂದೇ ಕಾಯಿಲ್‌ಗೆ 1.5 ವೋಲ್ಟ್ ಸೆಲ್ಲನ್ನು ಕ್ಷಣಮಾತ್ರ ಮುಟ್ಟಿಸಿ. ಸೆಲ್ಲಿನ ಪ್ಲಸ್ ಯಾವ ಟರ್ಮಿನಲ್‌ಗೆ ಮುಟ್ಟಿದಾಗ ಕೋನ್ ಹೊರಗೆ ಹಾರುತ್ತದೋ ಅದೇ ಆ ಕಾಯಿಲ್‌ನ ಪ್ಲಸ್. ಕೆಂಪು ಗುರುತು ಅಳಿಸಿದ್ದರೂ, ಯಾರೋ ತಪ್ಪಾಗಿ ಬೆಸೆದಿದ್ದರೂ ಇದು ಸುಳ್ಳು ಹೇಳುವುದಿಲ್ಲ. ಮಾರ್ಕರ್‌ನಲ್ಲಿ ಗುರುತು ಹಾಕಿ ಆಮೇಲೆ ಜೋಡಿಸಿ. ಸೀರೀಸ್ ಆದರೆ ಮೊದಲ ಕಾಯಿಲ್‌ನ ಮೈನಸ್ ಎರಡನೆಯದರ ಪ್ಲಸ್‌ಗೆ.

ಎಷ್ಟು ಓಮ್‌ಗೆ ಜೋಡಿಸಬೇಕೆಂಬುದು ಆಂಪ್ ಮೇಲೆ ನಿಂತಿದೆ. ಎರಡು ಚಾನೆಲ್ ಸೇರಿಸಿ ಬ್ರಿಜ್ ಮಾಡಿದ ಕಾರ್ ಆಂಪ್‌ಗಳು ಸಾಮಾನ್ಯವಾಗಿ 4 ಓಮ್‌ಗಿಂತ ಕೆಳಗೆ ತಾಳುವುದಿಲ್ಲ, 2 ಓಮ್ ಕೊಟ್ಟರೆ ಪ್ರೊಟೆಕ್ಟ್‌ಗೆ ಹೋಗುತ್ತವೆ, ಅಂದರೆ ತಮ್ಮನ್ನು ಉಳಿಸಿಕೊಳ್ಳಲು ತಾವೇ ಆಫ್ ಆಗುತ್ತವೆ. ಮನೆಯ ಹೋಮ್ ಥಿಯೇಟರ್ ರಿಸೀವರ್ ಹಿಂದೆ 6–8 ಓಮ್ ಎಂದು ಬರೆದಿದ್ದರೆ ಅಲ್ಲಿಗೂ 2 ಓಮ್ ಬೇಡ. ಎಸ್.ಪಿ. ರಸ್ತೆಯಲ್ಲಿ ಸಿಗುವ ಟಿಪಿಎ3116 ಚಿಪ್ಪಿನ ಸಣ್ಣ ಬೋರ್ಡ್ ಮೋನೋ ಜೋಡಣೆಯಲ್ಲಿ 2 ಓಮ್‌ಗೆ ಸುಮಾರು 100 ವ್ಯಾಟ್ ಕೊಡಬಲ್ಲದು. ಆದರೆ ಅದರ ಸ್ಪೀಕರ್ ಮೈನಸ್ ಗ್ರೌಂಡ್ ಅಲ್ಲ. ಆ ತುದಿಯನ್ನು ಯಾವ ಲೋಹಕ್ಕೂ ತಾಗಿಸುವಂತಿಲ್ಲ.

ಪವರ್ ಸಪ್ಲೈ: ಅರ್ಧ ದೂರುಗಳ ಮೂಲ

ಕಾರಿನ ಆಂಪ್ ಬಯಸುವುದು ಎಂಜಿನ್ ಓಡುವಾಗ ಸಿಗುವ 13.8–14.4 ವೋಲ್ಟ್. ಮನೆಯಲ್ಲಿ ಅದಕ್ಕೆ ಸಿಗುವುದು ಹೆಚ್ಚಾಗಿ ಸಿಸಿಟಿವಿ, ಎಲ್‌ಇಡಿ ಪಟ್ಟಿಗೆ ಬಳಸುವ ಜಾಲರಿ ಡಬ್ಬಿಯ 12 ವೋಲ್ಟ್ ಎಸ್‌ಎಂಪಿಎಸ್ (ಮನೆಯ ಕರೆಂಟನ್ನು 12 ವೋಲ್ಟ್ ಡಿಸಿ ಮಾಡುವ ಸಪ್ಲೈ). ಲೆಕ್ಕ ಹಾಕಿ: 300 ವ್ಯಾಟ್ ಕೊಡುವ ಕ್ಲಾಸ್ ಡಿ ಆಂಪ್ 80 ಶೇಕಡಾ ದಕ್ಷತೆಯಲ್ಲಿ 375 ವ್ಯಾಟ್ ಎಳೆಯುತ್ತದೆ, 13.8 ವೋಲ್ಟಿಗೆ ಅದು 27 ಆಂಪಿಯರ್. ಹಳೆಯ ಕ್ಲಾಸ್ ಎಬಿ ಆಂಪ್ ಆದರೆ 40ರ ಹತ್ತಿರ. 10 ಆಂಪಿಯರಿನ ಸಪ್ಲೈ ಕಟ್ಟಿ 'ಬೇಸ್ ಹೊಡೆದಾಗ ಆಫ್ ಆಗುತ್ತೆ' ಎಂದರೆ ಆಗಲೇಬೇಕು. ಹಾಡಿನಲ್ಲಿ ಸರಾಸರಿ ಎಳೆತ ಇದರ ಒಂದು ಪಾಲಷ್ಟೇ ನಿಜ, ಆದರೆ ಡ್ರಮ್ ಬಿದ್ದ ಕ್ಷಣಕ್ಕೆ ಪೂರ್ತಿ ಬೇಕು. ಎಸ್‌ಎಂಪಿಎಸ್‌ಗೆ ಬ್ಯಾಟರಿಯಂತೆ ಆ ಕ್ಷಣವನ್ನು ನುಂಗುವ ಗುಣವಿಲ್ಲ, ಮಿತಿ ದಾಟಿದರೆ ಕೈ ಎತ್ತಿಬಿಡುತ್ತದೆ.

ಪರೀಕ್ಷೆ ಸುಲಭ. ಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು ಪ್ರೋಬ್‌ಗಳನ್ನು ಆಂಪಿನ ಟರ್ಮಿನಲ್ ಮೇಲೆಯೇ ಹಿಡಿಯಿರಿ, ಸಪ್ಲೈ ಕಡೆ ಅಲ್ಲ. 40 ಹರ್ಟ್ಸ್ ಟೋನ್ ಹಾಕಿ ಮೆಲ್ಲಗೆ ವಾಲ್ಯೂಮ್ ಏರಿಸಿ. ವೋಲ್ಟೇಜ್ 11ರ ಕೆಳಗೆ ಜಾರಿದರೆ ದೋಷ ಸಿಕ್ಕಿತು. ಈಗ ಪ್ರೋಬ್‌ಗಳನ್ನು ಸಪ್ಲೈ ಟರ್ಮಿನಲ್‌ಗೆ ಒಯ್ಯಿರಿ. ಅಲ್ಲೂ ಅಷ್ಟೇ ಜಾರಿದರೆ ಸಪ್ಲೈ ಸಾಲದು. ಅಲ್ಲಿ ಗಟ್ಟಿಯಾಗಿ ನಿಂತಿದ್ದರೆ ನಡುವಿನ ವೈರ್ ಸಣ್ಣದು. 1 ಚದರ ಮಿಲಿಮೀಟರಿನ ಮನೆ ವೈರನ್ನು ಎರಡು ಮೀಟರ್ ಎಳೆದರೆ, ಹೋಗಿ ಬರುವ ನಾಲ್ಕು ಮೀಟರಿನಲ್ಲಿ 25 ಆಂಪಿಯರಿಗೆ ಸುಮಾರು 2 ವೋಲ್ಟ್ ವೈರಲ್ಲೇ ಕಳೆದುಹೋಗುತ್ತದೆ. 10 ಚದರ ಮಿಲಿಮೀಟರ್ ಹಾಕಿದರೆ 0.2 ವೋಲ್ಟ್. ಸಪ್ಲೈಯನ್ನು ಆಂಪಿನ ಪಕ್ಕದಲ್ಲೇ ಇಟ್ಟು ಅರ್ಧ ಮೀಟರಿನಲ್ಲಿ ಮುಗಿಸುವುದು ಇದಕ್ಕಿಂತ ಅಗ್ಗ.

12 ವೋಲ್ಟ್ 30 ಆಂಪಿಯರಿನ ಎಸ್‌ಎಂಪಿಎಸ್‌ಗಳಲ್ಲಿ ಟರ್ಮಿನಲ್ ಪಕ್ಕ ಒಂದು ಸಣ್ಣ ತಿರುಪು ಇರುತ್ತದೆ, ಅದನ್ನು ತಿರುಗಿಸಿ 13.5 ಸುತ್ತ ಇಡಬಹುದು. ಅದರ ಪಕ್ಕದ ಸ್ಕ್ರೂಗಳಲ್ಲೇ 230 ವೋಲ್ಟ್ ಬರಿಮೈಯಲ್ಲಿ ಕೂತಿರುತ್ತದೆ. ಪ್ಲಾಸ್ಟಿಕ್ ಹಿಡಿಯ ಸ್ಕ್ರೂ ಡ್ರೈವರ್, ಒಂದೇ ಕೈ. ಕೆಲಸ ಮುಗಿದ ಮೇಲೆ ಮುಚ್ಚಳ ಹಾಕಿ. ಮಕ್ಕಳಿರುವ ಮನೆಯಲ್ಲಿ ಅದನ್ನು ತೆರೆದು ನೆಲದ ಮೇಲೆ ಇಡುವುದು ಸಲ್ಲದು.

ಆಂಪ್ ಆನೇ ಆಗದಿದ್ದರೆ ರಿಮೋಟ್ ಟರ್ಮಿನಲ್ ನೋಡಿ. ಕಾರಿನಲ್ಲಿ ಅದಕ್ಕೆ ಸ್ಟೀರಿಯೋದಿಂದ 12 ವೋಲ್ಟ್ ಬರುತ್ತಿತ್ತು. ಇಲ್ಲಿ ಪ್ಲಸ್‌ನಿಂದ ಒಂದು ತೆಳು ವೈರ್, ನಡುವೆ ಒಂದು ಸ್ವಿಚ್ ಹಾಕಿ ಅಲ್ಲಿಗೆ ಕೊಡಬೇಕು. ಆನ್ ಮಾಡಿದೊಡನೆ ಸಪ್ಲೈ ಟಿಕ್ ಟಿಕ್ ಎನ್ನುತ್ತಾ ಹತ್ತಿ ಆರಿದರೆ ಆಂಪ್ ಒಳಗಿನ ದೊಡ್ಡ ಕೆಪ್ಯಾಸಿಟರ್‌ಗಳು ಒಮ್ಮೆಲೇ ಎಳೆಯುತ್ತಿವೆ. ಆಗ ಮೊದಲು ಸಪ್ಲೈ, ಎರಡು ಸೆಕೆಂಡ್ ಬಿಟ್ಟು ರಿಮೋಟ್ ಸ್ವಿಚ್. ಕಾರಿನಲ್ಲಿದ್ದ 1 ಫ್ಯಾರಡ್ ಕೆಪ್ಯಾಸಿಟರನ್ನೂ ಇಲ್ಲಿ ಸೇರಿಸಿದರೆ ಈ ಕಾಟ ಹೆಚ್ಚುತ್ತದೆಯೇ ಹೊರತು ತಗ್ಗುವುದಿಲ್ಲ.

ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ಹಳದಿಯ (20 ಆಂಪಿಯರ್) ಜಾಗಕ್ಕೆ ಹಸಿರು (30) ಹಾಕುವುದು, ಬೆಳ್ಳಿ ಕಾಗದ ಸುತ್ತುವುದು ರಿಪೇರಿಯಲ್ಲ. ಸ್ಪೀಕರ್ ಕಳಚಿ ಹೊಸ ಫ್ಯೂಸ್ ಹಾಕಿ ಆನ್ ಮಾಡಿ. ಆಗಲೂ ಹೋದರೆ ಆಂಪ್ ಒಳಗೆ ಶಾರ್ಟ್ ಇದೆ. ಹೋಗದಿದ್ದರೆ ಸ್ಪೀಕರ್ ವೈರ್ ಎಲ್ಲೋ ತಾಗುತ್ತಿದೆ, ಇಲ್ಲವೇ ಓಮ್ ಕಡಿಮೆಯಾಗಿದೆ. ಇನ್ನೊಂದು ಲಕ್ಷಣ ತಿಳಿದಿರಲಿ: ಆನ್ ಮಾಡಿದೊಡನೆ ಕೋನ್ ಧಡ್ ಎಂದು ಹೊರಗೆ ಅಥವಾ ಒಳಗೆ ಹೋಗಿ ಅಲ್ಲೇ ನಿಂತರೆ ಆಂಪ್ ನೇರ ಡಿಸಿ ಬಿಡುತ್ತಿದೆ. ಆ ಕ್ಷಣವೇ ಆಫ್ ಮಾಡಿ. ಕೆಲವೇ ಸೆಕೆಂಡುಗಳಲ್ಲಿ ಕಾಯಿಲ್ ಸುಡುತ್ತದೆ.

ಗುಂಯ್ ಎನ್ನುವ ಹಮ್

ನಮ್ಮ ಕರೆಂಟ್ 50 ಹರ್ಟ್ಸ್, ಸಬ್‌ವೂಫರ್ ಚೆನ್ನಾಗಿ ಹಾಡುವ ಜಾಗವೂ ಅದೇ. ಟಿವಿ ಸ್ಪೀಕರಿನಲ್ಲಿ ಕೇಳದ ಹಮ್ ಇಲ್ಲಿ ಕೇಳುವುದು ಅದಕ್ಕೇ.

ಆಂಪಿನಿಂದ ಆರ್‌ಸಿಎ ವೈರ್ (ಹಾಡಿನ ಸಿಗ್ನಲ್ ತರುವ ವೈರ್) ಕಿತ್ತುಬಿಡಿ. ಹಮ್ ಹಾಗೆಯೇ ಇದ್ದರೆ ದೋಷ ಸಪ್ಲೈ ಅಥವಾ ಆಂಪ್‌ನಲ್ಲಿ. ನಿಂತರೆ ವೈರ್ ಅಥವಾ ಮೂಲದಲ್ಲಿ. ಈಗ ವೈರನ್ನು ಮತ್ತೆ ಆಂಪ್‌ಗೆ ಚುಚ್ಚಿ, ಇನ್ನೊಂದು ತುದಿಯನ್ನು ಟಿವಿಗೆ ಬದಲಾಗಿ ಚಾರ್ಜರ್‌ಗೆ ಸಿಕ್ಕಿಸದ ಫೋನಿಗೆ ಕೊಡಿ. ಹಮ್ ಇಲ್ಲವೇ? ಹಾಗಾದರೆ ಗ್ರೌಂಡ್ ಲೂಪ್, ಅಂದರೆ ಉಪಕರಣಗಳು ಬೇರೆ ಬೇರೆ ದಾರಿಯಲ್ಲಿ ಅರ್ತ್‌ಗೆ ಸೇರಿ ನಡುವಿನ ವೈರಿನಲ್ಲಿ ಹಮ್ ಸುತ್ತುತ್ತಿದೆ. ಟಿವಿ, ಸೆಟ್‌ಟಾಪ್ ಬಾಕ್ಸ್, ಎಸ್‌ಎಂಪಿಎಸ್ ಮೂರನ್ನೂ ಒಂದೇ ಸ್ಪೈಕ್ ಬೋರ್ಡಿಗೆ ತನ್ನಿ. ಹೋಗದಿದ್ದರೆ ಸೆಟ್‌ಟಾಪ್ ಬಾಕ್ಸಿನ ಹಿಂದಿನ ಕೇಬಲ್ ತಿರುಪನ್ನು ಬಿಚ್ಚಿ ನೋಡಿ. ಟೆರೇಸಿನಿಂದಲೋ ಬೀದಿಯ ಕಂಬದಿಂದಲೋ ಬರುವ ಆ ಕೇಬಲ್ ತನ್ನದೇ ಬೇರೆ ಅರ್ತ್ ಹೊತ್ತು ತರುತ್ತದೆ. ಆರ್‌ಸಿಎಗೆ ಹಾಕುವ ಗ್ರೌಂಡ್ ಲೂಪ್ ಐಸೊಲೇಟರ್ ಹಮ್ ನಿಲ್ಲಿಸುತ್ತದೆ, ಸರಿ. ಆದರೆ ಅಗ್ಗದ್ದರೊಳಗಿನ ಗೋಲಿಯಷ್ಟು ಟ್ರಾನ್ಸ್‌ಫಾರ್ಮರ್ 40 ಹರ್ಟ್ಸ್ ಕೆಳಗಿನ ಬೇಸನ್ನೂ ಜೊತೆಗೆ ನುಂಗುತ್ತದೆ.

ಎಸ್‌ಎಂಪಿಎಸ್ ಡಬ್ಬಿ ಮುಟ್ಟಿದರೆ ಜುಂ ಎನ್ನುವುದು, ಟೆಸ್ಟರ್ ಇಟ್ಟರೆ ಮಂಕಾಗಿ ಉರಿಯುವುದು ಹಳೆಯ ಮನೆಗಳಲ್ಲಿ ಮಾಮೂಲಿ ದೂರು. ಸಾಕೆಟ್‌ನಲ್ಲಿ ಅರ್ತ್ ಇಲ್ಲ ಎಂದರ್ಥ. ಸಪ್ಲೈ ಒಳಗಿನ ಫಿಲ್ಟರ್ ಕೆಪ್ಯಾಸಿಟರ್‌ಗಳು ಡಬ್ಬಿಯನ್ನು ನೂರು ವೋಲ್ಟಿನ ಆಸುಪಾಸಿಗೆ ತೇಲಿಸಿಬಿಡುತ್ತವೆ, ಹಮ್ ಅದರ ಜೊತೆಗೆ ಬರುತ್ತದೆ. ಇಲ್ಲಿ ಮದ್ದು ಎಲೆಕ್ಟ್ರಿಷಿಯನ್. ಹಮ್ ಹೋಗಲೆಂದು ಮೂರನೇ ಪಿನ್ ಮುರಿದುಕೊಳ್ಳುವವರಿದ್ದಾರೆ, ಆ ಸಾಹಸ ಬೇಡ. ಕರೆಂಟ್ ಹೋಗಿ ಯುಪಿಎಸ್‌ಗೆ ಬಂದಾಗ ಮಾತ್ರ ಝರಝರ ಎಂದರೆ ಅದು ಸ್ಕ್ವೇರ್ ವೇವ್ ಯುಪಿಎಸ್ಸಿನ ಗುಣ, ನಿಮ್ಮ ಬಾಕ್ಸಿನದಲ್ಲ.

ತಿರುಪುಗಳು

ಇಲ್ಲಿ ಐದು ನಿಮಿಷದ ಕೆಲಸ, ಆದರೆ ಇದರಿಂದ ಬಗೆಹರಿಯುವ ದೂರುಗಳು ಅಷ್ಟಿಷ್ಟಲ್ಲ. ಆಂಪಿನ ಕ್ರಾಸ್‌ಓವರ್ ಸ್ವಿಚ್ ಕಾರಿನಲ್ಲಿ ಬಾಗಿಲ ಸ್ಪೀಕರ್‌ಗಳಿಗಾಗಿ ಹೈ ಪಾಸ್‌ನಲ್ಲಿ (ಬೇಸ್ ತಡೆದು ಮೇಲಿನದನ್ನು ಬಿಡುವ ಸ್ಥಾನ) ಇದ್ದು, ಹಾಗೆಯೇ ಉಳಿದಿರಬಹುದು. ಅದು ಬೇಸನ್ನು ಮಾತ್ರ ಬಿಡುವ ಲೋ ಪಾಸ್‌ಗೆ ಬರಬೇಕು. ಸಬ್‌ಸೋನಿಕ್ ತಿರುಪು (ಅದರ ಹರ್ಟ್ಸ್‌ಗಿಂತ ಕೆಳಗಿನ ಬೇಸನ್ನು ಕತ್ತರಿಸುವುದು) 50ರಲ್ಲಿದ್ದರೆ 20–25ಕ್ಕೆ ಇಳಿಸಿ. ರಿಸೀವರ್‌ನಲ್ಲಿ 80 ಹರ್ಟ್ಸ್ ಕಟ್ ಇಟ್ಟಿದ್ದರೆ ಆಂಪಿನದನ್ನು ಪೂರ್ತಿ ಮೇಲಕ್ಕೆ ತಿರುಗಿಸಿ, ಎರಡೂ ಸೇರಿದರೆ ಬೇಸ್ ಸೊರಗುತ್ತದೆ. ಸಿನಿಮಾದಲ್ಲಿ ಬರುವ ಬೇಸ್ ಹಾಡಿನಲ್ಲಿ ಬರದಿದ್ದರೆ ರಿಸೀವರ್ ಮೆನುವಿನಲ್ಲಿ ಮುಂದಿನ ಸ್ಪೀಕರ್‌ಗಳು 'ಲಾರ್ಜ್' ಎಂದು ಕೂತಿವೆ, 'ಸ್ಮಾಲ್' ಮಾಡಿ.

ಬೇಸ್ ಬೂಸ್ಟ್ ಸೊನ್ನೆಗೆ. 12 ಡೆಸಿಬಲ್ ಬೂಸ್ಟ್ ಎಂದರೆ ಆ ಜಾಗದಲ್ಲಿ 16 ಪಟ್ಟು ಶಕ್ತಿ ಕೇಳಿದಂತೆ. ಗೇನ್ (ಬರುವ ಸಿಗ್ನಲ್‌ಗೆ ಆಂಪನ್ನು ಹೊಂದಿಸುವ ತಿರುಪು) ವಾಲ್ಯೂಮ್ ಅಲ್ಲ. ಅದನ್ನು ಅಂದಾಜಿಗೆ ತಿರುಗಿಸದೆ ಹೀಗೆ ಇಡಿ: ಸ್ಪೀಕರ್ ಕಳಚಿ, 50 ಹರ್ಟ್ಸ್ ಟೋನ್ ಹಾಕಿ, ಮೂಲದ ವಾಲ್ಯೂಮ್ ಮುಕ್ಕಾಲು ಇಟ್ಟು, ಆಂಪಿನ ಸ್ಪೀಕರ್ ಟರ್ಮಿನಲ್‌ನಲ್ಲಿ ಎಸಿ ವೋಲ್ಟ್ ನೋಡುತ್ತಾ ಗೇನ್ ಏರಿಸಿ. ವ್ಯಾಟ್ ಮತ್ತು ಓಮ್ ಗುಣಿಸಿ ವರ್ಗಮೂಲ ತೆಗೆದರೆ ಎಲ್ಲಿ ನಿಲ್ಲಬೇಕೆಂಬುದು ಗೊತ್ತಾಗುತ್ತದೆ. 150 ವ್ಯಾಟ್, 4 ಓಮ್‌ಗೆ 24.5 ವೋಲ್ಟ್.

ಬಾಕ್ಸ್ ಸೋರುತ್ತಿದೆಯೇ?

ಇಲ್ಲಿಯವರೆಗೆ ಎಲ್ಲ ಸರಿಯಿದ್ದೂ ಬೇಸ್ ತೆಳುವಾಗಿದ್ದರೆ, ಪುಸ್ ಪುಸ್ ಎಂಬ ಉಸಿರಾಟದ ಸದ್ದಿದ್ದರೆ, ಬಾಕ್ಸ್ ಸೋರುತ್ತಿದೆ. ಮುಚ್ಚಿದ ಬಾಕ್ಸಿನಲ್ಲಿ ಒಳಗಿನ ಗಾಳಿಯೇ ಸ್ಪ್ರಿಂಗ್. ತೂತು ಬಿದ್ದರೆ ಸ್ಪ್ರಿಂಗ್ ಸಡಿಲ, ಕೋನ್ ಅಂಕೆ ಮೀರಿ ಆಡುತ್ತದೆ.

ಮೊದಲ ಸೂಚನೆ ಕೈಗೇ ಸಿಗುತ್ತದೆ. ಕೋನನ್ನು ಮೇಲೆ ಹೇಳಿದಂತೆ ಒತ್ತಿ ಹಿಡಿದು ಬಿಡಿ. ಬಿಗಿ ಬಾಕ್ಸ್ ಆದರೆ ಒತ್ತುವಾಗ ಮೆತ್ತನೆಯ ತಡೆ ಸಿಗುತ್ತದೆ, ಒತ್ತಿ ಹಿಡಿದಷ್ಟೂ ಹೊತ್ತು ಅದು ಕೈಯನ್ನು ವಾಪಸ್ ತಳ್ಳುತ್ತಲೇ ಇರುತ್ತದೆ. ಎರಡು ಮೂರು ಸೆಕೆಂಡಿನಲ್ಲಿ ಆ ತಳ್ಳಾಟ ಕರಗಿ ಹೋದರೆ ಗಾಳಿ ಎಲ್ಲೋ ದಾರಿ ಮಾಡಿಕೊಂಡಿದೆ.

ಎಲ್ಲಿ ಎಂಬುದಕ್ಕೆ ಊದುಬತ್ತಿ. ಫ್ಯಾನ್ ಆಫ್ ಮಾಡಿ, ಕಿಟಕಿ ಮುಚ್ಚಿ. 20–25 ಹರ್ಟ್ಸ್ ಟೋನ್ ಹಾಕಿ ಕೋನ್ ಕಣ್ಣಿಗೆ ಕಾಣುವಷ್ಟು, ಒಂದು ಸೆಂಟಿಮೀಟರಿನಷ್ಟು ಆಡಲಿ. ಈ ಆವರ್ತನದಲ್ಲಿ ಕಿವಿಗೆ ಹೆಚ್ಚು ಕೇಳುವುದಿಲ್ಲ, ಸೋರುವ ಜಾಗದ ಗಾಳಿ ಮಾತ್ರ ಜೋರು. ಹೊತ್ತಿಸಿದ ಬತ್ತಿಯನ್ನು ಜೋಡಣೆಯಿಂದ ಒಂದು ಬೆರಳ ದೂರದಲ್ಲಿ ಹಿಡಿದು ನಿಧಾನವಾಗಿ ಸರಿಸುತ್ತಾ ಹೋಗಿ. ನೇರ ಏರುತ್ತಿದ್ದ ಹೊಗೆಯ ಗೆರೆ ಸೋರುವ ಜಾಗಕ್ಕೆ ಬಂದೊಡನೆ ನಡುಗಿ, ಎಳೆ ಎಳೆಯಾಗಿ ಒಡೆಯುತ್ತದೆ. ಅಲ್ಲಿ ಪೆನ್ಸಿಲ್ ಗುರುತು ಹಾಕಿ. ಕೋನ್ ಹತ್ತಿರ, ಅದರಲ್ಲೂ ಫೋಮ್ ಅಂಚಿನ ಹತ್ತಿರ, ಕೆಂಡ ಒಯ್ಯಬೇಡಿ. ಹೇಗೂ ಅಲ್ಲಿ ಕೋನ್ ಬೀಸುವ ಗಾಳಿಗೇ ಹೊಗೆ ಅಲ್ಲಾಡುವುದರಿಂದ ಏನೂ ತಿಳಿಯುವುದಿಲ್ಲ.

ಗುರುತು ಬೀಳುವ ಜಾಗಗಳು ಬಹುತೇಕ ಇವೇ. ಹಿಂದಿನ ಪ್ಲಾಸ್ಟಿಕ್ ಟರ್ಮಿನಲ್ ಬಟ್ಟಲು ಮೊದಲ ಅಪರಾಧಿ: ಅದರ ಕೆಳಗೆ ಯಾರೂ ಗ್ಯಾಸ್ಕೆಟ್ ಹಾಕುವುದಿಲ್ಲ, ಟರ್ಮಿನಲ್ ಕಡ್ಡಿಗಳ ಸುತ್ತಲೂ ಸಂದಿ ಇರುತ್ತದೆ. ಒಳಬದಿಯಿಂದ ಎಂ-ಸೀಲ್ ಮೆತ್ತಿ ಮುಚ್ಚಿ. ಎರಡನೆಯದು ಸ್ಪೀಕರ್ ಅಂಚು. ಬಾಗಿಲಿಗೆ ಅಂಟಿಸುವ 3 ಮಿಲಿಮೀಟರಿನ ಫೋಮ್ ಟೇಪ್ ಒಂದು ಸುತ್ತು, ತುದಿಗಳು ಒಂದಕ್ಕೊಂದು ತಾಗುವಂತೆ ಹಾಕಿದರೆ ಸಾಕು. ಮೂರನೆಯದು ಮೂಲೆ ಜೋಡಣೆ: ಕಾರ್ಪೆಂಟರ್ ಮೊಳೆ ಹೊಡೆದು ಫೆವಿಕಾಲ್ ಚುಕ್ಕೆ ಚುಕ್ಕೆ ಇಟ್ಟಿದ್ದರೆ ಅಲ್ಲಿ ಸೋರದೆ ಇರುವುದೇ ಆಶ್ಚರ್ಯ.

ನಾಲ್ಕನೆಯದು ಕಣ್ಣಿಗೆ ಬೀಳದ್ದು. ಅಗ್ಗದ ಕಮರ್ಷಿಯಲ್ ಪ್ಲೈವುಡ್‌ನ ನಡುವಿನ ಪದರಗಳಲ್ಲಿ ಟೊಳ್ಳು ಇರುತ್ತದೆ. ಸ್ಪೀಕರ್‌ಗಾಗಿ ವೃತ್ತ ಕೊರೆದಾಗ ಆ ಟೊಳ್ಳಿನ ಒಂದು ಬಾಯಿ ಬಾಕ್ಸಿನ ಒಳಗೆ, ಇನ್ನೊಂದು ಬಾಯಿ ಹಲಗೆಯ ಹೊರ ಅಂಚಿಗೆ ತೆರೆದುಕೊಳ್ಳುತ್ತದೆ. ಎಲ್ಲ ಜೋಡಣೆಗೂ ಸಿಲಿಕೋನ್ ಬಳಿದರೂ ಸೋರುವುದು ನಿಲ್ಲದಿದ್ದರೆ ಪ್ಲೈ ಅಂಚಿನ ಮೇಲೇ ಬತ್ತಿ ಹಿಡಿದು ನೋಡಿ. ಮರದ ಪುಡಿ ಮತ್ತು ಫೆವಿಕಾಲ್ ಕಲಸಿ ತುಂಬಿ, ಕೊರೆದ ಅಂಚಿಗೆ ಎರಡು ಕೈ ವಾರ್ನಿಶ್ ಕೊಡಿ. ಹೊಸದಾಗಿ ಕೊಳ್ಳುವುದಾದರೆ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಯಲ್ಲಿ ಐಎಸ್ 710 (ಮರೈನ್ ಪ್ಲೈ) ಮುದ್ರೆಯ ಹಲಗೆ ಕೇಳಿ, ಅಂಚನ್ನು ಬೆಳಕಿಗೆ ಹಿಡಿದು ಟೊಳ್ಳು ನೋಡಿಯೇ ಕೊಳ್ಳಿ.

ಸಿಲಿಕೋನ್ ಬಗ್ಗೆ ಒಂದು ಮಾತು. ವಿನೆಗರ್ ವಾಸನೆಯ ಸಾಮಾನ್ಯ ಸಿಲಿಕೋನ್ ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ. ಹಸಿ ಇರುವಾಗಲೇ ಸ್ಪೀಕರ್ ಕೂರಿಸಿ ಮುಚ್ಚಿದರೆ ಆ ಹಬೆ ತಾಮ್ರದ ತಂತಿಗೆ ಕಿಲುಬು ತರುತ್ತದೆ. ಬಳಿದ ಮೇಲೆ ಬಾಯಿ ತೆರೆದು 48 ಗಂಟೆ ಬಿಡಿ. ಮಳೆಗಾಲದ ಥಂಡಿಯಲ್ಲಿ ಇನ್ನೊಂದು ದಿನ, ವಾಸನೆ ಪೂರ್ತಿ ಹೋಗುವವರೆಗೆ.

ಗಾತ್ರದ ಲೆಕ್ಕ ತಪ್ಪಿದ್ದರೆ

ಹೊರ ಅಳತೆಯಿಂದ ಲೀಟರ್ ಲೆಕ್ಕ ಹಾಕುವುದು ಎಲ್ಲರೂ ಮಾಡುವ ತಪ್ಪು. 40×40×33.6 ಸೆಂಟಿಮೀಟರಿನ ಬಾಕ್ಸ್ ಹೊರಗಿನಿಂದ 54 ಲೀಟರ್. 18 ಮಿಲಿಮೀಟರ್ ಹಲಗೆ ಕಳೆದರೆ ಒಳಗೆ 36.4×36.4×30, ಅಂದರೆ 40 ಲೀಟರ್ ಕೂಡ ಇಲ್ಲ. ಸ್ಪೀಕರಿನ ಬೆನ್ನು ಮತ್ತು ಒಳಗಿನ ಪಟ್ಟಿ ಮೂರು ನಾಲ್ಕು ಲೀಟರ್ ತಿಂದರೆ ಉಳಿಯುವುದು 36. ಮುಚ್ಚಿದ ಬಾಕ್ಸಿಗೆ ಇದು ಕೆಟ್ಟ ಗಾತ್ರವಲ್ಲ. 54 ಎಂದು ನಂಬಿ ಪೋರ್ಟ್ ಪೈಪ್ (ಬಾಕ್ಸಿನ ಗಾಳಿ ಒಳಹೊರಗೆ ಆಡುವ ಕೊಳವೆ) ಕತ್ತರಿಸಿದ್ದರೆ ಮಾತ್ರ ಎಲ್ಲ ಏರುಪೇರು.

ಮುಚ್ಚಿದ ಬಾಕ್ಸ್ ಎಷ್ಟು ಬೇಕೆಂದು ತಿಳಿಯಲು ಸ್ಪೀಕರಿನ ಮೂರು ಅಂಕಿ ಬೇಕು: ಎಫ್‌ಎಸ್ (ಸ್ಪೀಕರಿನ ಸ್ವಂತ ಅನುರಣನ, ಹರ್ಟ್ಸ್‌ನಲ್ಲಿ), ಕ್ಯೂಟಿಎಸ್ (ಆ ಅನುರಣನ ಎಷ್ಟು ಎದ್ದು ಕೇಳುತ್ತದೆ ಎಂಬ ಅಂಕಿ), ವಿಎಎಸ್ (ಕೋನಿನ ಸ್ಪ್ರಿಂಗ್‌ಗೆ ಸಮನಾದ ಗಾಳಿ, ಲೀಟರಿನಲ್ಲಿ). ವಿಎಎಸ್‌ ಅನ್ನು ಬಾಕ್ಸಿನ ಲೀಟರಿನಿಂದ ಭಾಗಿಸಿ, 1 ಕೂಡಿಸಿ, ವರ್ಗಮೂಲ ತೆಗೆಯಿರಿ. ಆ ಸಂಖ್ಯೆಯಿಂದ ಎಫ್‌ಎಸ್, ಕ್ಯೂಟಿಎಸ್ ಎರಡನ್ನೂ ಗುಣಿಸಿ. ಉದಾಹರಣೆಗೆ ಎಫ್‌ಎಸ್ 30, ಕ್ಯೂಟಿಎಸ್ 0.5, ವಿಎಎಸ್ 50 ಲೀಟರ್ ಇರುವ ಸ್ಪೀಕರನ್ನು 20 ಲೀಟರಿನ ಕಾರ್ ಬಾಕ್ಸಿನಲ್ಲಿ ಇಟ್ಟರೆ ಒಟ್ಟು ಕ್ಯೂ 0.94, ಅನುರಣನ 56 ಹರ್ಟ್ಸ್. ಡಂ ಡಂ ಎನ್ನುವ ಬಾಕ್ಸ್ ಇದೇ. ಅದನ್ನೇ 42 ಲೀಟರಿಗೆ ಹಾಕಿದರೆ 0.74 ಮತ್ತು 44 ಹರ್ಟ್ಸ್. 0.7ರ ಹತ್ತಿರ ಬಂದಷ್ಟೂ ಮನೆಗೆ ಹಿತ. ಬಾಕ್ಸ್ ಬದಲಿಸಲಾಗದಿದ್ದರೆ ದಿಂಬಿಗೆ ತುಂಬುವ ಪಾಲಿಯೆಸ್ಟರ್ ನಾರು, 30 ಲೀಟರಿಗೆ 250ರಿಂದ 400 ಗ್ರಾಂ, ಹಿಂಜಿ ತುಂಬಿ. ಸ್ವಲ್ಪ ದೊಡ್ಡ ಬಾಕ್ಸಿನಂತೆ ವರ್ತಿಸುತ್ತದೆ. ಬೂರುಗದ ಹತ್ತಿ ಬೇಡ, ಅದರ ಎಳೆ ಅಯಸ್ಕಾಂತದ ಹಿಂದಿನ ತೂತಿನಿಂದ ಒಳಹೊಕ್ಕು ಕಾಯಿಲ್ ಸಂದಿಗೆ ಸೇರುತ್ತದೆ. ನಾರು ಕೂಡ ಆ ತೂತಿಗೆ ಅಡ್ಡ ಬರದಂತೆ ತೆಳು ಬಲೆ ಕಟ್ಟಿ.

ಪೋರ್ಟ್ ಬಾಕ್ಸ್ ಆಗಿದ್ದು ಬಾಯಿಯಲ್ಲಿ ಬುಸ್ ಎಂದರೆ ಪೈಪ್ ಕಿರಿದು. 12 ಇಂಚಿಗೆ 75 ಮಿಲಿಮೀಟರ್ ಪಿವಿಸಿ ಸಾಲದು, ಒಳ ವ್ಯಾಸ 100 ಇರಲಿ, ಬಾಯಿಯ ಅಂಚನ್ನು ದುಂಡಗೆ ಉಜ್ಜಿ. ನಿಜವಾದ 50 ಲೀಟರ್ ಬಾಕ್ಸನ್ನು 32 ಹರ್ಟ್ಸ್‌ಗೆ ಟ್ಯೂನ್ ಮಾಡಲು ಈ ಪೈಪ್ ಸುಮಾರು 39 ಸೆಂಟಿಮೀಟರ್ ಉದ್ದ ಬೇಕು, ಒಳತುದಿಗೂ ಗೋಡೆಗೂ ಕನಿಷ್ಠ 10 ಸೆಂಟಿಮೀಟರ್ ಜಾಗ ಬಿಡಬೇಕು. ಟ್ಯೂನ್ ಸರಿಯಿದೆಯೇ ನೋಡಲು 60ರಿಂದ ಕೆಳಗೆ ಒಂದೊಂದೇ ಹರ್ಟ್ಸ್ ಇಳಿಸುತ್ತಾ ಬನ್ನಿ. ಕೋನ್ ಬಹುತೇಕ ನಿಂತು, ಪೋರ್ಟ್ ಬಾಯಲ್ಲಿ ಗಾಳಿ ಜೋರಾಗುವ ಜಾಗವೇ ನಿಮ್ಮ ಟ್ಯೂನಿಂಗ್. ಅದಕ್ಕಿಂತ ಕೆಳಗೆ ಕೋನ್‌ಗೆ ಗಾಳಿಯ ಹಿಡಿತವೇ ಇಲ್ಲ. ಸಬ್‌ಸೋನಿಕ್ ಫಿಲ್ಟರ್ ಇಲ್ಲದೆ ಪೋರ್ಟ್ ಬಾಕ್ಸ್ ಓಡಿಸಿದರೆ ಸ್ಪೀಕರ್ ಸಾಯುವುದು ಅಲ್ಲೇ.

ಗಡಗಡ ಮತ್ತು ಕೋಣೆ

ಗಡಗಡ ಸದ್ದಿಗೆ ಬಾಕ್ಸನ್ನೇ ದೂರುವ ಮುಂಚೆ 20ರಿಂದ 100 ಹರ್ಟ್ಸ್‌ವರೆಗೆ ನಿಧಾನ ಸ್ವೀಪ್ (ಮೆಲ್ಲಗೆ ಏರುತ್ತಾ ಹೋಗುವ ಟೋನ್) ಹಾಕಿ ಕೋಣೆಯಲ್ಲಿ ತಿರುಗಾಡಿ. ಶೋಕೇಸಿನ ಗಾಜು, ಕಿಟಕಿಯ ಜಾರುವ ಬಾಗಿಲು, ಅಡುಗೆಮನೆಯ ಸ್ಟೀಲ್ ಸ್ಟ್ಯಾಂಡಿನ ಲೋಟಗಳು ತಂತಮ್ಮ ಆವರ್ತನ ಬಂದಾಗ ಎದ್ದು ಕೂಗುತ್ತವೆ. ಬಾಕ್ಸಿನಲ್ಲೇ ಆದರೆ ಕೋನ್‌ಗೆ ಬಡಿಯುವ ಹೆಣೆದ ತಂತಿ, ಸಡಿಲ ಜಾಲರಿ, ಒಳಗೆ ತೂಗುವ ವೈರ್. ಅಂಗೈ ಒತ್ತಿದಾಗ ನಿಲ್ಲುವ ಜಾಗವೇ ದೋಷದ ಜಾಗ. ದೊಡ್ಡ ಹಲಗೆ ಗುಂ ಎಂದು ನಡುಗಿದರೆ ಒಳಗೆ ಎದುರುಬದುರು ಗೋಡೆ ಕಟ್ಟುವ ಒಂದು ರೀಪರ್ ಪಟ್ಟಿ ಸಾಕು.

ಕೊನೆಗೆ ಕೋಣೆ. 10×12 ಅಡಿಯ ರೂಮಿನಲ್ಲಿ ಅಗಲಕ್ಕೆ ಸುಮಾರು 56 ಹರ್ಟ್ಸ್, ಉದ್ದಕ್ಕೆ 47 ಹರ್ಟ್ಸ್ ಅಲೆ ಗೋಡೆ ಗೋಡೆಗೆ ಬಡಿದು ನಿಲ್ಲುತ್ತದೆ. ಛಾವಣಿಯೂ 10 ಅಡಿ ಇದ್ದರೆ 56 ಎರಡು ಪಾಲು. ಅದಕ್ಕೇ ಒಂದು ಸ್ವರ ಮಾತ್ರ ಕಿವಿಗೆ ಅಪ್ಪಳಿಸುತ್ತದೆ, ಸೋಫಾದಲ್ಲಿ ಕೂತರೆ ಬೇಸ್ ಮಾಯ, ಬಾಗಿಲ ಬಳಿ ನಿಂತರೆ ಹಾಜರ್. ಬಾಕ್ಸನ್ನೇ ಸೋಫಾ ಮೇಲೆ ನೀವು ಕೂರುವ ಜಾಗದಲ್ಲಿಟ್ಟು, ಬೇಸ್ ಹಾಡು ಹಾಕಿ, ಗೋಡೆಯುದ್ದಕ್ಕೂ ಅಂಬೆಗಾಲಿಡುತ್ತಾ ಕೇಳಿ. ಎಲ್ಲಿ ಸಮನಾಗಿ ಕೇಳಿತೋ ಬಾಕ್ಸ್ ಅಲ್ಲಿಗೆ. ಆಮೇಲೆ 80 ಹರ್ಟ್ಸ್ ಟೋನ್ ಹಾಕಿ, ಮುಂದಿನ ಸ್ಪೀಕರ್‌ಗಳೂ ಹಾಡುತ್ತಿರುವಾಗ ಫೇಸ್ ಸ್ವಿಚ್ 0, 180 ಎರಡೂ ನೋಡಿ, ಜೋರಾದದ್ದನ್ನು ಉಳಿಸಿ. ಸ್ವಿಚ್ ಇಲ್ಲದಿದ್ದರೆ ಸ್ಪೀಕರ್ ವೈರ್ ಅದಲುಬದಲು ಮಾಡಿದರೂ ಅದೇ.

ಕೆಳಗಿನ ಮನೆಯಲ್ಲಿ ಓನರ್ ಇದ್ದರೆ ಬಾಕ್ಸಿನ ಕೆಳಗೆ ದಪ್ಪ ಇವಿಎ ಫೋಮ್ ಅಥವಾ ರಬ್ಬರ್ ತುಂಡು ನಾಲ್ಕು ಮೂಲೆಗೆ. ಹಲಗೆಯ ನಡುಕ ಸ್ಲ್ಯಾಬಿಗೆ ಇಳಿಯುವುದು ತಗ್ಗುತ್ತದೆ, ಗಾಳಿಯಲ್ಲಿ ಹೋಗುವ ಬೇಸ್ ತಗ್ಗುವುದಿಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ವಸತಿ ಪ್ರದೇಶದ ಮಿತಿ 45 ಡೆಸಿಬಲ್. ಸ್ವೀಪ್ ಪರೀಕ್ಷೆಯನ್ನು ಭಾನುವಾರ ಹನ್ನೊಂದರ ಮೇಲೆ ಇಟ್ಟುಕೊಳ್ಳಿ.